ಸೋಮವಾರ ಪಕ್ಕಾ

ಅವರ ಎಡಗೈ ಹೆಬ್ಬೆರಳಿನ ಮೇಲೆ ಜೋಳದ ಕಾಳಿನಷ್ಟು ದಪ್ಪದ ಮೂರು ಬಿಳಿ ಕಲೆಗಳಿದ್ದವು. ಬೆಸುಗೆ ಹಾಕುವಾಗ ಕರಗಿದ ಸೀಸ ಸಿಡಿದು ಆದ ಕಲೆಗಳು. ಮನಸ್ಸಿನಲ್ಲಿ ಏನಾದರೂ ಕೊರೆಯುತ್ತಿದ್ದರೆ ಬಲಗೈಯಿಂದ ಅವನ್ನು ಒಂದೊಂದಾಗಿ ಒತ್ತಿಕೊಳ್ಳುತ್ತ ಸುಮ್ಮನೆ ನಿಲ್ಲುತ್ತಿದ್ದರು.

ನಾವೆಲ್ಲ ಅವರನ್ನು ಗೇಮಿನ ಕಾಕಾ ಎನ್ನುತ್ತಿದ್ದೆವು. ಮೂಲತಃ ಗೊಬ್ಬೂರಿನವರು. ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಶಹಾಬಾದಿ ಕಲ್ಲು ಹಾಸಿದ ಒಂದೇ ಕೋಣೆಯ ಅಂಗಡಿ ಅವರದು. ಮೊದಲು ರೇಡಿಯೊ, ಟೀವಿ ರಿಪೇರಿ ಮಾಡುತ್ತಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ, ನಾನು ಬಿ.ಎ. ಓದುತ್ತಿದ್ದಾಗ, ಸೋಲಾಪುರದಿಂದ ಹಳೆಯ ಸರ್ಕಿಟ್‌ಗಳನ್ನು ತಂದು, ಬಡಿಗನಿಂದ ಪೆಟ್ಟಿಗೆ ಮಾಡಿಸಿ, ವಿಡಿಯೊ ಗೇಮ್ ಮಷಿನ್‌ಗಳನ್ನು ತಾವೇ ಜೋಡಿಸತೊಡಗಿದರು. ಸಂಜೆ ಕಾಲೇಜು ಬಿಟ್ಟ ಮೇಲೆ ನಮ್ಮ ಠಿಕಾಣಿ ಅಲ್ಲೇ.

ಯಾವ ಆಟವನ್ನೂ ತಾವು ಕೊನೆಯ ಹಂತದವರೆಗೆ ಆಡಿ ನೋಡದೆ ಅವರು ಜನರಿಗೆ ಬಿಡುತ್ತಿರಲಿಲ್ಲ. ಆಟದಲ್ಲಿ ಅವರು ಜಾಣರೇನಲ್ಲ. ಮೂರನೆಯ ಹಂತದಲ್ಲೇ ಸತ್ತು ಸತ್ತು, ಮತ್ತೆ ಶುರುಮಾಡಿ, ವಾರಗಟ್ಟಲೆ ಕೂರುತ್ತಿದ್ದರು. ಒಮ್ಮೆ ಚೆನ್ನಾಗಿ ಓಡುತ್ತಿದ್ದ ಮಷಿನ್ ಒಂದಕ್ಕೆ ಬಟ್ಟೆ ಹೊದಿಸಿಬಿಟ್ಟರು. ಅದರ ಗುಂಡಿ ಹತ್ತು ಸಲ ಒತ್ತಿದರೆ ಒಂದು ಸಲ ಕೈಕೊಡುತ್ತಿತ್ತಂತೆ. ಖಜೂರಿಯ ಲಾರಿ ಡ್ರೈವರ್ ಒಬ್ಬ ನಕ್ಕ.

“ಕಾಕಾ, ನನ್ನ ಲಾರಿ ಬ್ರೇಕ್ ಸುದ್ದಾ ಇಷ್ಟ ಚಲೋ ಹಿಡಿಯಂಗಿಲ್ರಿ. ಇದನ್ಯಾಕ ಬಂದ್ ಮಾಡಿದ್ರಿ?”

“ನಿನ್ನ ಲಾರಿ ನೀ ಹೊಡೀತಿ. ಇದನ್ನ ಮಂದಿ ಆಡ್ತಾರಪ್ಪ.”

ಆ ವರ್ಷ ಅವರು ಇಬ್ಬರು ಒಟ್ಟಿಗೆ ನಿಂತು ಆಡುವ ಆಟವೊಂದನ್ನು ಜೋಡಿಸತೊಡಗಿದರು. ನಮ್ಮೂರಿಗೆ ಅಂಥದ್ದು ಅದೇ ಮೊದಲು. ದಸರೆಗೆ ಎಂದರು, ದೀಪಾವಳಿ ಹೋಯಿತು. ಐದನೆಯ ಹಂತಕ್ಕೆ ಬಂದರೆ ಚಿತ್ರ ನಿಂತುಬಿಡುತ್ತಿತ್ತು. ಬರುವವರೆಲ್ಲ ಕಾಡಿಸುವವರೇ.

“ಕಾಕಾ, ನನ್ನ ಮದವಿ ಮೊದಲೋ, ನಿಮ್ಮ ಆಟ ಮೊದಲೋ?”

“ನಿನಗ ಹೆಣ್ಣ ಕೊಡವ್ರು ಸಿಗೂತನಕ ನನಗ ಟೈಮ್ ಅದ ಬಿಡಲೇ.”

ಅಂಗಡಿಯ ಹೊರಗಿನ ಕರಿಹಲಗೆಯ ಮೇಲೆ ಬರೆಯುವ ಕೆಲಸ ನನ್ನದು. ನನ್ನ ಅಕ್ಷರ ಅವರಿಗೆ ಇಷ್ಟ. ‘ಹೊಸ ಆಟ ತಯಾರಾಗುತ್ತಿದೆ. ಮುಗಿದ ಮೇಲೆ ತಿಳಿಸುತ್ತೇವೆ’ ಎಂದು ಬರೆಸಿದ್ದರು. ದಸರೆಯ ಮಾತು ತಪ್ಪಿದ ಮೇಲೆ ದಿನ ಹಾಕಲು ಬಿಟ್ಟಿರಲಿಲ್ಲ. “ದಿನ ಬರದ್ರ ಹಿರೋಳ್ಳಿಯಂಥಾ ಹಳ್ಳಿಯವ ಹೊಲದಾನ ಕೆಲಸ ಬಿಟ್ಟ ಬರ್ತಾನ. ಅವಂಗ ನಾ ಏನ್ ಮಾರಿ ತೋರಸ್ಲಿ? ಭರೋಸಾ ಒಮ್ಮಿ ಹೋತಂದ್ರ ರಿಪೇರಿ ಆಗಂಗಿಲ್ಲ.”

ಒಂದು ಶುಕ್ರವಾರ ಕಾಕಾ ಆ ಸರ್ಕಿಟ್ ಕಟ್ಟಿಕೊಂಡು ಸೋಲಾಪುರಕ್ಕೆ ಹೋದರು. ಅದೇ ಸಂಜೆ ಕಾಲೇಜಿನ ಗೆಳೆಯರು ಅಂಗಡಿಯ ಮುಂದೆ ನನ್ನನ್ನು ಹಿಡಿದು ನಿಲ್ಲಿಸಿದರು. ಮೇನ್ ರೋಡಿನ ಇನ್ನೊಂದು ಅಂಗಡಿಯವನು ಅಂಥದ್ದೇ ಆಟ ತರಿಸುತ್ತಿದ್ದಾನಂತೆ. “ನಿಮ್ಮ ಕಾಕಾಂದು ಕೈಲಾಗಂಗಿಲ್ಲ ಬಿಡಲೇ. ಬರೇ ಹಲಗಿ ಬರಕೋತ ಕೂಡು ನೀ” ಎಂದ ಒಬ್ಬ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ಎದುರಿಗೇ ಹಲಗೆ ಒರೆಸಿ ದೊಡ್ಡ ಅಕ್ಷರದಲ್ಲಿ ಬರೆದೆ: ‘ಹೊಸ ಆಟ ಸೋಮವಾರ ಪಕ್ಕಾ.’

ಭಾನುವಾರ ಮಧ್ಯಾಹ್ನ ಕಾಕಾ ಬಂದರು. ಚೀಲ ಕೆಳಗಿಡದೆ ಹಲಗೆ ನೋಡಿದರು.

“ಯಾರ್ ಬರದಾರ?”

“ನಾನ್ರಿ ಕಾಕಾ. ಅಳಸ್ತೇನಿ.”

“ಎರಡ ದಿನಾ ಬಸ್ಸಿನ್ಯಾಗ ಸುದ್ದಿ ಹೋಗ್ಯದ. ಹಲಗಿ ಅಳಸಿದ್ರ ಅದು ಅಳಸ್ತದೇನು?”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆಯವರೆಗೆ ಸರ್ಕಿಟ್ ಕೂರಿಸಿ, ರಬ್ಬರ್ ಚಪ್ಪಲಿ ಹಾಕಿಕೊಂಡೇ ಕೊನೆಯ ಹಂತದವರೆಗೆ ಆಡಿದರು. ಚಿತ್ರ ಎಲ್ಲೂ ನಿಲ್ಲಲಿಲ್ಲ. ಆದರೆ ಮಷಿನ್ನಿಗೆ ಅದರದೇ ಸ್ವಿಚ್ಚು ಇನ್ನೂ ಇರಲಿಲ್ಲ. ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನಿಂದಲೇ ಹಚ್ಚಬೇಕು, ಆರಿಸಬೇಕು. ಅರ್ಥಿಂಗ್ ಕೂಡ ಕೊಟ್ಟಿರಲಿಲ್ಲ. ಹೊರಗೆ ಗುಂಡಿ ತೋಡಿ, ಇದ್ದಿಲು, ಉಪ್ಪು ಹಾಕಿ ತಂತಿ ಹೂಳಬೇಕಿತ್ತು. ಅದಿಲ್ಲದಿದ್ದರೆ ಮಷಿನ್ನಿನ ಗುಂಡಿಗಳ ಸುತ್ತ ಹೊಡೆದ ತಗಡಿಗೆ ಸೋರಿದ ಕರೆಂಟು ನೆಲಕ್ಕೆ ಹೋಗುವುದು ಮುಟ್ಟಿದವನ ಮೈಯೊಳಗಿಂದಲೇ.

“ನಾಳಿ ಪೂಜಾ ಅಷ್ಟ ಮಾಡೂಣು. ಗುರುವಾರ ಬರ್ರಿ ಅಂತ ನಾನ ಮಂದೀಗಿ ಕೈ ಮುಗದ ಹೇಳ್ತೇನಿ” ಎಂದರು.

ಸೋಮವಾರ ಬೆಳಿಗ್ಗೆ ಓಣಿಯ ತುಂಬ ಜನ. ಪೂಜೆಯೆಂದು ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಮಷಿನ್ನಿಗೆ ಕುಂಕುಮ, ಹೂವಿನ ಮಾಲೆ. ಕಾಕಾ ಅದರ ಬುಡದಲ್ಲೇ ಕಾಯಿ ಒಡೆದರು. ನೀರು ಕಲ್ಲಿನ ಸಂದುಗಳಲ್ಲಿ ಹರಿದು ನಮ್ಮ ಬರಿಗಾಲುಗಳಿಗೆ ತಣ್ಣಗೆ ತಾಗಿತು. ಒರೆಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪೂಜೆಯ ಕಾಯಿನೀರನ್ನು ನಮ್ಮಲ್ಲಿ ಯಾರು ಒರೆಸುತ್ತಾರೆ?

ಆಮೇಲೆ ಕಾಕಾ ಕೈ ಮುಗಿದು ಹೇಳಿದರು. ಹುಡುಗರು ಹೋ ಎಂದು ಕೂಗಿದರು. “ಡಬ್ಬಿ ದರ್ಶನಕ್ಕ ಕರಸೀರೇನ್ರಿ?” ಎಂದ ಒಬ್ಬ. ಅದನ್ನೆಲ್ಲ ಅವರು ನಗುತ್ತಲೇ ಕೇಳಿಸಿಕೊಂಡರು. ಆದರೆ ಬಾಗಿಲ ಹತ್ತಿರ ನಿಂತಿದ್ದ ಹಿರೋಳ್ಳಿಯ ನಡುವಯಸ್ಸಿನ ರೈತನೊಬ್ಬ ಮೆಲ್ಲಗೆ ಅಂದ: “ಇರ್ಲಿ ಬಿಡ್ರಿ ಕಾಕಾ. ತಮ್ಮನ ಮಗನ್ನ ಕರಕೊಂಡ ಬಂದಿದ್ದೆ. ನೀವು ಬರದೀರಿ ಅಂದ್ರ ಖರೇನ ಇರ್ತದಂತ ಬಂದ್ವಿ.”

ಕಾಕಾ ಹೆಬ್ಬೆರಳು ಒತ್ತಿಕೊಂಡರು. ನಾನಲ್ಲ ಬರೆದದ್ದು, ಈ ಹುಡುಗ ಎಂದು ನನ್ನತ್ತ ಒಂದು ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ನನ್ನ ಕಡೆ ನೋಡಲೂ ಇಲ್ಲ.

“ಒಮ್ಮಿ ಹಚ್ಚಿ ತೋರಸ್ತೇನಿ. ದೂರಿಂದ ನೋಡ್ರಿ. ಯಾರೂ ಮುಟ್ಟಬ್ಯಾಡ್ರಿ” ಎಂದರು. ಬಾಗಿಲಿಗೆ ಹೋಗಿ ಮೇನ್ ಹಾಕಿ, ಜನರ ನಡುವೆ ದಾರಿ ಮಾಡಿಕೊಂಡು ಬಂದು, ಮಷಿನ್ನಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತರು.

ಪರದೆಯ ಮೇಲೆ ಕೆಂಪು ಬಟ್ಟೆಯವನೊಬ್ಬ, ನೀಲಿ ಬಟ್ಟೆಯವನೊಬ್ಬ ಎದುರುಬದುರು ನಿಂತರು. ಹಿಂದಿನವರಿಗೆ ಕಾಣಲಿಲ್ಲ. ತಳ್ಳಿದರು. ಮುಂದಿದ್ದ ನಾನು ಕಾಕಾನ ತೋಳಿನ ಕೆಳಗಿಂದ ಮುಗ್ಗರಿಸಿ ಎರಡೂ ಅಂಗೈ ಊರಿದ್ದು ಆ ತಗಡಿನ ಮೇಲೆ.

ಬೆರಳುಗಳು ತಾವಾಗಿ ಅಂಚನ್ನು ಹಿಡಿದುಕೊಂಡವು. ಬಿಡಲು ಆಗಲಿಲ್ಲ. ಕೂಗಬೇಕೆಂದರೆ ದವಡೆ ತೆರೆಯಲಿಲ್ಲ. “ಮೇನ್ ತಗೀರಿ! ಮೇನ್!” ಎಂದು ಕಾಕಾ ಚೀರಿದ್ದು ಕೇಳಿಸಿತು. ಜನ ಆಟ ನೋಡಿ ಕೂಗುತ್ತಿದ್ದರು. ಅದರಲ್ಲಿ ಇದೂ ಒಂದು ಕೂಗಾಗಿ ಹೋಯಿತು. ಬಾಗಿಲಿಗೆ ಹೋಗಲು ಅವರಿಗೆ ದಾರಿಯಿರಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಹೆಗಲಿನಿಂದ ನನ್ನ ಪಕ್ಕೆಗೆ ಗುದ್ದಿದರು. ನಾನು ಕಿತ್ತುಕೊಂಡು ಜನರ ಕಾಲಿನ ಮೇಲೆ ಬಿದ್ದೆ. ಆ ರಭಸಕ್ಕೆ ಅವರ ಕಾಲು ಕಾಯಿನೀರಿನಲ್ಲಿ ಜಾರಿತು. ಹಿಡಿದುಕೊಳ್ಳಲು ಸಿಕ್ಕಿದ್ದು ಅದೇ ತಗಡು.

ಕೊನೆಗೆ ಮೇನ್ ತೆಗೆದವನು ಆ ಹಿರೋಳ್ಳಿಯ ರೈತ. ಆಗ ಎಷ್ಟು ಹೊತ್ತಾಗಿತ್ತೋ ನನಗೆ ಗೊತ್ತಿಲ್ಲ. ಆಸ್ಪತ್ರೆಗೆ ಒಯ್ದರು. ಅಲ್ಲಿ ಮಾಡುವುದೇನೂ ಉಳಿದಿರಲಿಲ್ಲ.

ಇಂದಿಗೂ ನಾನು ಬರಿಗಾಲಲ್ಲಿ ಫ್ರಿಜ್ಜಿನ ಬಾಗಿಲು ಮುಟ್ಟುವುದಿಲ್ಲ. ಪಾಠ ಮಾಡುತ್ತ ನಿಂತಾಗಲೂ ಆ ಕೋಣೆ ಎದುರಿಗೆ ಬರುತ್ತದೆ. ಪ್ರತಿ ಸಲವೂ ನಾನು ಮುಂದೆ ನಿಲ್ಲದೆ ಬಾಗಿಲ ಹತ್ತಿರ, ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿರುತ್ತೇನೆ. ಪ್ರತಿ ಸಲವೂ ಅವರು ಬದುಕುತ್ತಾರೆ.

ಊರಿನ ಮಾತು ಬೇರೆಯೇ ಆಯಿತು. ಮೇನ್ ರೋಡಿನವನಿಗಿಂತ ಮೊದಲು ತೆರೆಯುವ ಆಸೆಗೆ ಅರೆಬರೆ ಮಷಿನ್ ಹಚ್ಚಿ ಸತ್ತ ಎಂದರು. ನಾನು ಬರೆದದ್ದನ್ನು ಕಂಡ ಗೆಳೆಯರೂ ಕಾಕಾ ಹೇಳಿಯೇ ಬರೆಸಿದ್ದೆಂದುಕೊಂಡಿದ್ದರು. ಮೂರನೆಯ ದಿನ ಅವರ ಮನೆಗೆ ಹೋದೆ. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ಅವರ ಹೆಂಡತಿ, ನಾವು ಕಾಕು ಎನ್ನುತ್ತಿದ್ದವರು, ಗೋಡೆಗೊರಗಿ ಕುಳಿತಿದ್ದರು.

“ರವಿವಾರ ಊಟಕ್ಕ ಕುಂತಾಗ ಕೇಳ್ದೆ, ದಿನಾ ಯಾಕ ಬರಸಿದ್ರಿ ಅಂತ. ‘ನಂದ ಗಡಬಡ ಆತು’ ಅಂದ್ರು. ಎಂದೂ ಗಡಬಡ ಮಾಡಿದ ಮನಷ್ಯಾ ಅಲ್ಲಪ್ಪ ಅವ್ರು” ಎಂದರು. ಆಮೇಲೆ ನನ್ನ ಕೈಯ ಪಟ್ಟಿ ನೋಡಿ, “ಕೈ ಮಾಯಾಕತ್ತಾವೇನು?” ಎಂದು ಕೇಳಿದರು.

“ಹೌದ್ರಿ ಕಾಕು” ಎಂದೆ. ಅಷ್ಟೇ ಹೇಳಿ ಎದ್ದು ಬಂದೆ.

ಕಾಕು ಹೋಗಿಯೂ ಈಗ ಬಹಳ ವರ್ಷಗಳಾದವು. ಗಂಡ ಅವಸರ ಮಾಡಿ ಜೀವ ಕಳೆದುಕೊಂಡರೆಂದೇ ಕೊನೆಯವರೆಗೂ ನಂಬಿದ್ದರು. ಆ ದಿನ ಅಂಗಡಿಗೆ ಬಂದಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿಯಲಿ: ಸೋಮವಾರ ಎಂದು ಬರೆದವನು ನಾನು. ಅವರನ್ನು ಕೇಳದೆ ಬರೆದೆ. ಅವರು ನಿಮಗೆ ಸುಳ್ಳು ಹೇಳಿರಲಿಲ್ಲ.