ಆರರ ಮೇಲೆ ಕೊಸರು

ಬೀಜಾಡಿಯ ಜಲಜ ಮೂವತ್ತು ವರ್ಷ ಕೋಟದ ಪೇಟೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರಿದಳು. ಬಂಗುಡೆ ಎಣಿಸಿ ಕೊಟ್ಟ ಮೇಲೆ ಗಿರಾಕಿ ಕೊಸರಿಗೆಂದು ಚೀಲ ಚಾಚಿದರೆ, ಮೇಲೊಂದು ಮೀನು ಹಾಕುವ ಬದಲು ಬೈಗುಳ ಹಾಕುತ್ತಿದ್ದಳು. ಆ ಬೈಗುಳ ಕೇಳಲೆಂದೇ ಕೆಲವರು ಬರುತ್ತಿದ್ದರು.

ಕಳೆದ ವರ್ಷ ಅವಳ ಲಿವರಿನೊಳಗಿನ ಪಿತ್ತನಾಳದಲ್ಲಿ ಕ್ಯಾನ್ಸರ್ ಕಂಡಿತು. ಆಪರೇಷನ್ನಿನ ಹಿಂದಿನ ದಿನ ಡಾಕ್ಟರ್ ಸ್ನೇಹಲತಾ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

"ಲಿವರಿನ ಈ ತುಂಡು ತೆಗೀತೇವೆ. ಪಕ್ಕದಲ್ಲಿ ಅವರೆಕಾಳಿನ ಹಾಗೆ ಗ್ರಂಥಿಗಳಿರ್ತವೆ. ರೋಗ ಹರಡುವಾಗ ಹೆಚ್ಚಾಗಿ ಮೊದಲು ಅಲ್ಲಿಗೇ ಹೋಗುದು. ಕಡಿಮೆ ಅಂದ್ರೆ ಆರು ತೆಗೆದು ಪರೀಕ್ಷೆ ಮಾಡ್ಬೇಕು. ಇಲ್ಲದಿದ್ರೆ ಹರಡಿಲ್ಲ ಅಂತ ಧೈರ್ಯವಾಗಿ ಹೇಳ್ಲಿಕ್ಕಾಗುದಿಲ್ಲ."

ಜಲಜಳಿಗೆ ಬೇಕಿದ್ದದ್ದು ಆ ಒಂದೇ ಮಾತು: ಹರಡಿಲ್ಲ.

"ಆರಾ? ಮೇಲೆ ಕೊಸರ್ ಇಲ್ಯಾ ಡಾಕ್ಟ್ರಮ್ಮ?"

ಪಕ್ಕದ ಬುಟ್ಟಿಯ ಗೆಳತಿ ಕುಸುಮಾವತಿ ಜೊತೆಗೆ ಬಂದಿದ್ದಳು. ನಕ್ಕು ನಕ್ಕು ಸ್ಟೂಲಿನಿಂದ ಜಾರಿದಳು. "ಇವ್ಳಿಗ್ ಕೊಸರ್ ಬೇಕಂಬ್ರ್! ಜನ್ಮದಂಗೆ ಒಂದ್ ಬಂಗ್ಡಿ ಮೇಲ್ ಹಾಕದವ್ಳಿಗೆ!"

"ಸುಮ್ನಿರ್ ಕುಸ್ಮ. ಇಲ್ಲಿ ನಾನ್ ಗಿರಾಕಿ." ಜಲಜ ಡಾಕ್ಟರ ಕಡೆ ತಿರುಗಿದಳು. "ಮತ್ತೆ ಪಿತ್ತ ಒಡಿಬೇಡಿ ಕಾಣಿ. ಮೀನ್ ಕೊಯ್ವತಿಗೆ ಪಿತ್ತ ಒಡದ್ರೆ ಸಾರೆಲ್ಲ ಕಹಿ ಆತ್ತ್."

"ನಿಮ್ಮ ಸಾರು ಕೆಡಿಸುದಿಲ್ಲ ಜಲಜಕ್ಕ," ಎಂದರು ಡಾಕ್ಟರ್, ಮುಖ ಗಂಭೀರ ಮಾಡಿಕೊಂಡು.

ಆಪರೇಷನ್ ಆದ ಮೂರನೇ ದಿನ ಅವರೇ ಬಂದು ಹೇಳಿದರು: "ಹತ್ತು ಗ್ರಂಥಿ ತೆಗೆದೆವು."

"ಆರಕ್ಕೆ ನಾಲ್ಕ್ ಕೊಸರಾ! ಹಿಂಗ್ ಯಾಪಾರ ಮಾಡ್ರೆ ನೀವ್ ಮುಳುಗ್ತ್ರಿ!" ನಕ್ಕದ್ದಕ್ಕೆ ಹೊಲಿಗೆ ಎಳೆಯಿತು. ಕುಸುಮಾವತಿ ಅವಳ ಹೊಟ್ಟೆಗೆ ದಿಂಬು ಒತ್ತಿ ಹಿಡಿದು, ತಾನೂ ನಗತೊಡಗಿದಳು. ಇಬ್ಬರ ನಗು ನಿಲ್ಲಿಸಲು ನರ್ಸ್ ಬರಬೇಕಾಯಿತು.

ವಾರ ಕಳೆದು ಡಾಕ್ಟರ್ ರಿಪೋರ್ಟ್ ತಂದರು. ಒಂಬತ್ತು ಚೊಕ್ಕ. ಒಂದರಲ್ಲಿ ರೋಗವಿತ್ತು.

ಜಲಜ ಬೆರಳು ಮಡಿಸಿ ಆರರ ತನಕ ಎಣಿಸಿದಳು. "ಆರಕ್ಕೇ ನಿಲ್ಸಿದ್ರೆ?"

"ರೋಗ ಇದ್ದ ಆ ಒಂದು ತಪ್ಪಿಹೋಗ್ಲಿಕ್ಕೂ ಸಾಕಿತ್ತು. ಗೊತ್ತಾದ ಕಾರಣ ಮದ್ದು ಬೇಗ ಶುರು ಮಾಡುವ. ಎಷ್ಟು ದಿನ ಅಂತ ಕೇಳ್ಬೇಡಿ, ನಂಗೆ ಗೊತ್ತಿಲ್ಲ."

"ಸೈ. ಕುಸ್ಮ, ಹೊಲಿಗೆ ಬಿಚ್ಚದ್ ಕೂಡ್ಲೆ ಬಸ್ ಹತ್ತುವ. ಮನಿಗಲ್ಲ, ಕೋಟಕ್ಕೆ."

"ಎಂತ, ಹುಚ್ಚಾ ನಿಂಗೆ?"

"ನೀ ಒಬ್ಳೇ ಅಲ್ಲಿದ್ರೆ ಗಿರಾಕಿ ನಿದ್ರಿ ಮಾಡ್ತ್ರ್ ಮಾರಾಯ್ತಿ!"

ಅವಳು ಇನ್ನೂ ಹನ್ನೊಂದು ತಿಂಗಳು ಬದುಕಿದಳು. ಮದ್ದಿನ ದಿನಗಳನ್ನೂ ಕೊನೆಯ ಎರಡು ವಾರಗಳನ್ನೂ ಬಿಟ್ಟರೆ ಮಿಕ್ಕದ್ದನ್ನೆಲ್ಲ ಕೋಟದಲ್ಲಿ, ಕುಸುಮಾವತಿಯ ಪಕ್ಕ, ಗಂಟಲು ಬಿಟ್ಟು ಕೂಗುತ್ತ ಕಳೆದಳು.