ಬಿಡುವಾದಾಗ ಒಮ್ಮೆ ನೋಡಿ

ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದಲ್ಲಿ ಎಲ್ಲರೂ ಅವನನ್ನು ಶಂಕೆ ಸಾರ್ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೇ ಅಂದಿದ್ದರೆ ಯಾಕೆ ಅಂದರು, ಯಾರು ಹೇಳಿಕೊಟ್ಟರು ಎಂದು ಆ ವಾರವೆಲ್ಲ ತಲೆ ಕೆಡಿಸಿಕೊಳ್ಳುತ್ತಿದ್ದ. ಹುಟ್ಟುಗುಣವೇ ಅದು. "ಹುಟ್ಟಿದ ದಿನ ನರ್ಸಮ್ಮನ್ನ ಹೇಗೆ ನೋಡ್ದ ಅಂತೀರಿ! ಇವಳು ನಿಜವಾಗ್ಲೂ ನರ್ಸೇನಾ ಅನ್ನೋ ಹಾಗೆ," ಎಂದು ಅವನ ತಾಯಿ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಎಳೆಯುವ ಪೈಕಿ ಅವನು.

ಕೇಂದ್ರವೆಂದರೆ ಗ್ರಂಥಾಲಯದ ಹಿಂದಿನ ಕಟ್ಟಡದ ನೆಲಮಹಡಿ. ಬಾಗಿಲ ಬಳಿಯೇ ಸಹಾಯದ ಕೌಂಟರು, ಅದರ ಮುಂದೆ ಸದಾ ಸಾಲು. ಪಾಸ್‌ವರ್ಡ್ ಮರೆತವರು, ವೈಫೈ ಸಿಗದವರು, ಮೇಲ್ ಪೆಟ್ಟಿಗೆ ತುಂಬಿಹೋಯಿತೆಂದು ಗೋಳಾಡುವ ಪ್ರಾಧ್ಯಾಪಕರು, ಲ್ಯಾಪ್‌ಟಾಪ್ ಎರವಲು ಕೇಳುವ ವಿದ್ಯಾರ್ಥಿಗಳು. ಎಡಕ್ಕೆ ಉದ್ದನೆಯ ಲ್ಯಾಬು, ಬಲಕ್ಕೆ ಕಿಟಕಿಯಿಲ್ಲದ ಪ್ರಿಂಟರ್ ಕೋಣೆ, ಇನ್ನೂ ಒಳಗೆ ಹಗಲಿರುಳು ಗುಂಯ್‌ಗುಡುವ ಸರ್ವರ್ ಕೋಣೆ. ಕೌಂಟರಿನಲ್ಲಿ ಶಂಕೆ ಸಾರ್ ಇದ್ದ ದಿನ ಸಾಲು ಕರಗುತ್ತಲೇ ಇರಲಿಲ್ಲ. ಗುರುತಿನ ಚೀಟಿಯ ಫೋಟೋದಲ್ಲಿ ಮೀಸೆಯಿಲ್ಲದೆ ಮುಖದ ಮೇಲೆ ಮೀಸೆಯಿದ್ದರೆ ಮುಗಿಯಿತು ಕಥೆ. "ಇದನ್ನ ಯಾವಾಗ ಬಿಟ್ರಿ? ಯಾಕೆ ಬಿಟ್ರಿ?"

ಕೇಂದ್ರದ ನಿರ್ದೇಶಕಿ ಮೇಡಂ ಜಾಣೆ. ಈ ಗುಣಕ್ಕೆ ತಕ್ಕ ಕೆಲಸವನ್ನೇ ಹುಡುಕಿ ಕೊಟ್ಟರು. ಸುಳ್ಳು ಮೇಲ್ ಕಳಿಸಿ ಪಾಸ್‌ವರ್ಡ್ ಕದಿಯುವವರ ಕಾಟ ಹೆಚ್ಚಾಗಿತ್ತು. ಸಿಬ್ಬಂದಿಯನ್ನು ಎಚ್ಚರಿಸಲು ಕೇಂದ್ರವೇ ಆಗಾಗ ಅಂಥ ಸುಳ್ಳು ಮೇಲ್ ಬರೆದು ಕಳಿಸಬೇಕು. ಯಾರು ಅದರಲ್ಲಿನ ಲಿಂಕ್ ಒತ್ತಿ ಪಾಸ್‌ವರ್ಡ್ ಕೊಡುತ್ತಾರೋ ಅವರನ್ನು ಕರೆಸಿ ಒಂದು ದಿನ ಪಾಠ ಹೇಳಬೇಕು. ಕೇಂದ್ರದವರು ಇದಕ್ಕೆ ಗಾಳ ಎಂದು ಹೆಸರಿಟ್ಟಿದ್ದರು. ಗಾಳ ಬರೆಯುವವನು ಶಂಕೆ ಸಾರ್.

ಅಬ್ಬಾ, ಏನು ಬರೆಯುತ್ತಿದ್ದ ಅಂತೀರಿ! ಹೆದರಿಸಿದರೆ ಜನ ಹುಷಾರಾಗುತ್ತಾರೆ, ನಯವಾಗಿ ಕರೆದರೆ ಓಡಿ ಬರುತ್ತಾರೆ ಎಂಬುದು ಅವನು ಕಂಡುಕೊಂಡ ಗುಟ್ಟು. "ನಿಮ್ಮ ಕೆಲಸದ ಒತ್ತಡ ಬಲ್ಲೆವು. ಬಿಡುವಾದಾಗ ಒಮ್ಮೆ ನೋಡಿ. ತೊಂದರೆ ಕೊಟ್ಟೆವೆಂದು ಬೇಸರಿಸಬೇಡಿ." ಇದನ್ನು ಓದಿ ಯಾರ ಮನಸ್ಸು ಕರಗುವುದಿಲ್ಲ? ಗಣಿತದ ಮುಖ್ಯಸ್ಥರೇ ಬಿದ್ದರು. ಕಾನೂನು ವಿಭಾಗದಲ್ಲಿ ಸಾಲಾಗಿ ಬಿದ್ದರು. ಹುಟ್ಟಿದಾಗಿನಿಂದ ಬೈಸಿಕೊಂಡ ಗುಣಕ್ಕೆ ಈಗ ಶಹಬ್ಬಾಸ್ ಸಿಗುತ್ತಿತ್ತು. ಅವನು ಆ ಕೆಲಸವನ್ನು ಪ್ರಾಣದಂತೆ ಪ್ರೀತಿಸಿದ.

ಬೀಳದೆ ಉಳಿದದ್ದು ಒಂದೇ ವಿಭಾಗ. ಪರೀಕ್ಷಾ ವಿಭಾಗ. ಎಷ್ಟು ಸಲ ಗಾಳ ಹಾಕಿದರೂ ಅಲ್ಲಿ ಒಂದು ಮೀನೂ ಕಚ್ಚಲಿಲ್ಲ. ಆ ವಿಭಾಗದ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಅಂಕಪಟ್ಟಿ ತಿದ್ದುತ್ತಿದ್ದವಳು ಅವನ ಹೆಂಡತಿ.

ಜನ ಸುಮ್ಮನಿರುತ್ತಾರೆಯೇ? ಗುಸುಗುಸು ಶುರುವಾಯಿತು. ಒಂದು ದಿನ ಮೇಡಂ ಅವನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು.

"ನೋಡಿ, ನಂಗೆ ನಿಮ್ಮ ಮೇಲೆ ಅನುಮಾನ ಇಲ್ಲ. ಆದ್ರೆ ಗಾಳ ಹೋಗೋಕೆ ಮುಂಚೇನೇ ನಿಮ್ಮನೇಲಿ ಗೊತ್ತಾಗುತ್ತೆ ಅಂತ ಎಲ್ರೂ ಆಡ್ಕೋತಿದಾರೆ. ಎಲ್ಲಿಂದ ಸೋರ್ತಿದೆ ಕಂಡುಹಿಡೀರಿ. ಇಲ್ದಿದ್ರೆ ಈ ಕೆಲಸ ಬೇರೆಯವರಿಗೆ ಕೊಡ್ಬೇಕಾಗುತ್ತೆ. ನೀವು ಪ್ರಿಂಟರ್ ಕೋಣೇಲಿ ಇರ್ಬೇಕಾಗುತ್ತೆ."

ಪ್ರಿಂಟರ್ ಕೋಣೆ! ಸಿಕ್ಕಿಕೊಂಡ ಕಾಗದ ಎಳೆಯುತ್ತ, ಕೈಗೆಲ್ಲ ಮಸಿ ಮೆತ್ತಿಕೊಂಡು! ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲೇ ಕಳ್ಳಿ ಇದ್ದಾಳೆಂಬ ಹುಳ ತಲೆ ಹೊಕ್ಕಿತು.

ಅಂದಿನಿಂದ ಹೆಂಡತಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದ. ಅವಳು ಫೋನನ್ನು ಬೋರಲು ಇಟ್ಟರೆ ಯಾಕೆ ಬೋರಲು ಇಟ್ಟಳು? ಕ್ಯಾಂಟೀನಿನಲ್ಲಿ ಗೆಳತಿಯರೊಂದಿಗೆ ನಗುತ್ತಿದ್ದವಳು ಇವನು ಬಂದೊಡನೆ ಸುಮ್ಮನಾದಳಲ್ಲ, ಯಾಕೆ? ಲ್ಯಾಪ್‌ಟಾಪಿನ ಪಾಸ್‌ವರ್ಡ್ ಬದಲಾಯಿಸಿದ. ಬದಲಾಯಿಸಿ, ತಾನೇ ಮರೆತು, ತನ್ನದೇ ಕೌಂಟರಿನ ಸಾಲಿನಲ್ಲಿ ನಿಂತ. ಒಂದು ಸಂಜೆ ಅರ್ಧ ಬರೆದ ಗಾಳವನ್ನು ಊಟದ ಮೇಜಿನ ಮೇಲೆ ಬೇಕೆಂದೇ ತೆರೆದಿಟ್ಟು ಬಾಗಿಲ ಸಂದಿಯಿಂದ ಇಣುಕಿದ. ಅವಳು ಬಂದಳು, ಪರದೆಯತ್ತ ನೋಡಲೂ ಇಲ್ಲ, ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕಿಟ್ಟು ಮೇಜು ಒರೆಸಿ ಹೋದಳು. ಬೇರೆ ಯಾರಾದರೂ ಆಗಿದ್ದರೆ ಸಮಾಧಾನ ಪಡುತ್ತಿದ್ದರು. ಇವನು? ನೋಡಲಿಲ್ಲ ಅಂದರೆ ಮೊದಲೇ ನೋಡಿರಬೇಕು ಅಂದುಕೊಂಡ!

ಅನುಮಾನ ಹೆಚ್ಚಾದಷ್ಟೂ ಮಾತು ಒರಟಾಯಿತು. ಮೊದಲೇನು ಜೇನು ಸುರಿಯುತ್ತಿರಲಿಲ್ಲ ಬಿಡಿ. "ಇನ್ನೂ ಆಗಿಲ್ವಾ?", "ಎಷ್ಟು ಸಲ ಹೇಳ್ಬೇಕು?", "ಹೇಳಿದ್ದಷ್ಟು ಮಾಡು." ಮನೆಯಲ್ಲಿ ಅವನ ಬಾಯಿಂದ ಬರುತ್ತಿದ್ದುದು ಬಹುಮಟ್ಟಿಗೆ ಇಷ್ಟೇ. "ಅದ್ಯಾಕೋ ಅವಳ ಮೇಲೆ ಹಾಗೆ ಹರಿಹಾಯ್ತೀಯ?" ಎಂದು ತಾಯಿ ಕೇಳಿದರೆ, "ನಿಂಗೆ ಗೊತ್ತಾಗಲ್ಲಮ್ಮಾ, ಸುಮ್ನಿರು," ಎಂದು ಅವಳ ಬಾಯಿಯನ್ನೂ ಮುಚ್ಚಿಸಿದ.

ಕೊನೆಗೆ ತಡೆಯಲಾಗದೆ ಒಂದು ಸಂಜೆ ಅಡುಗೆಮನೆಗೇ ನುಗ್ಗಿದ. ಅವಳು ಬೀನ್ಸ್ ಹೆಚ್ಚುತ್ತಿದ್ದಳು.

"ನಿಜ ಹೇಳು. ನನ್ನ ಲ್ಯಾಪ್‌ಟಾಪ್ ತೆಗ್ದು ನೋಡ್ತೀಯ ತಾನೇ?"

"ನಾನ್ಯಾಕ್ರೀ ನೋಡ್ಲಿ?"

"ಮತ್ತೆ ನಿಮ್ಮ ವಿಭಾಗದಲ್ಲಿ ಒಬ್ರೂ ಬೀಳಲ್ವಲ್ಲ, ಹೇಗೆ?"

ಅವಳು ಚಾಕು ಕೆಳಗಿಟ್ಟಳು. ನಗು ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. "ಅಯ್ಯೋ, ಇದಕ್ಕಾ ಇಷ್ಟು ದಿನ ಮುಖ ಗಂಟು ಹಾಕ್ಕೊಂಡಿದ್ದು? ಓದಿದ ಕೂಡ್ಲೇ ಗೊತ್ತಾಗುತ್ತಲ್ರೀ, ನಿಮ್ಮ ಬರವಣಿಗೆ ಅಂತ. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಪಾಸ್‌ವರ್ಡ್ ಮರ್ತು ಕೌಂಟರಿಗೆ ಬಂದಿದ್ದೆ. ಮಾರನೇ ದಿನ ನೀವೊಂದು ಮೇಲ್ ಹಾಕಿದ್ರಿ. 'ಬಿಡುವಾದಾಗ ಒಮ್ಮೆ ನೋಡಿ, ಬೇಸರಿಸಬೇಡಿ.' ಮದ್ವೆ ಆಗೋವರೆಗೂ ಹಾಗೇ ಬರೀತಿದ್ರಿ. ನೆನಪಿಲ್ವಾ?"

ಅವನಿಗೆ ನೆನಪಿರಲಿಲ್ಲ.

"ನಮ್ಮೋರಿಗೆಲ್ಲ ಹೇಳ್ಬಿಟ್ಟಿದೀನಿ," ಎಂದಳು. "ಇಷ್ಟು ನಯವಾಗಿ ಕರೆದ್ರೆ ಅದು ನಮ್ಮನೆಯವ್ರ ಗಾಳ, ಒತ್ಬೇಡಿ ಅಂತ." ಮತ್ತೆ ಚಾಕು ಎತ್ತಿಕೊಂಡು, ತಲೆ ಬಗ್ಗಿಸಿ, ಸ್ವಲ್ಪ ಸಣ್ಣ ದನಿಯಲ್ಲಿ ಹೇಳಿದಳು: "ನಾನು ಮಾತ್ರ ಅಳಿಸೋಕೆ ಮುಂಚೆ ಒಂದೆರಡು ಸಲ ಓದ್ಕೋತೀನಿ. ನಿಮ್ಮ ಬಾಯಲ್ಲಿ ಆ ಮಾತು ಕೇಳಿ ಎಷ್ಟು ಕಾಲ ಆಯ್ತೋ."

ಇಂಥ ಮಾತಿಗೆ ಗಂಡನಾದವನು ಏನು ಮಾಡಬೇಕು? ಪಕ್ಕದಲ್ಲಿ ಕೂತು ನಾಲ್ಕು ಬೀನ್ಸ್ ಆದರೂ ಹೆಚ್ಚಬೇಕು. ಈ ಪುಣ್ಯಾತ್ಮನ ಕಿವಿಗೆ ಬಿದ್ದದ್ದು ಒಂದೇ: ಸೋರಿಕೆ ಸಿಕ್ಕಿತು, ಬರವಣಿಗೆಯಲ್ಲಿದೆ! "ಹಾಗಾದ್ರೆ ಸರಿ," ಎಂದವನೇ ಹೊರಗೆ ಬಂದ.

ಮರುದಿನ ಮೇಡಂ ಇದನ್ನೆಲ್ಲ ಕೇಳಿ ಬಿದ್ದು ಬಿದ್ದು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ನಾನು ನಂಬ್ತೀನಿ. ಉಳಿದೋರು ನಂಬಬೇಕಲ್ಲ? ಬೇರೆ ಥರ ಬರೀರಿ. ಈ ಸಲ ಪರೀಕ್ಷಾ ವಿಭಾಗ ಬಿದ್ರೆ ಎಲ್ರ ಬಾಯಿ ಮುಚ್ಚುತ್ತೆ. ಬೀಳ್ಲಿಲ್ಲ ಅಂದ್ರೆ ಪ್ರಿಂಟರ್ ಕೋಣೆ, ನಾನೇನೂ ಮಾಡೋಕಾಗಲ್ಲ," ಎಂದರು.

ಅವನು ಪರದೆಯ ಮುಂದೆ ಕೂತ. ಬೇರೆ ಥರ ಅಂದರೆ ಹೇಗೆ? ತಮಾಷೆಯಾಗಿ ಬರೆದ, ಅಳಿಸಿದ. ಸರ್ಕಾರಿ ಸುತ್ತೋಲೆಯಂತೆ ಬರೆದ, ಅದು ಅವನಿಗೇ ಅರ್ಥವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆ ಕೆಟ್ಟು, ಯೋಚಿಸುವುದನ್ನೇ ಬಿಟ್ಟು, ಕೈಗೆ ಬಂದದ್ದನ್ನು ಕುಟ್ಟಿದ. ಸಲೀಸಾಗಿ ಬಂತು. ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ.

"ಪಾಸ್‌ವರ್ಡ್ ಇನ್ನೂ ಬದಲಾಯಿಸಿಲ್ವಾ? ಎಷ್ಟು ಸಲ ಹೇಳಬೇಕು? ಮೊದಲು ಇದನ್ನು ಮುಗಿಸಿ. ಹೇಳಿದ್ದಷ್ಟು ಮಾಡಿ. — ಸಹಾಯ ಕೌಂಟರ್."

ಪರೀಕ್ಷಾ ವಿಭಾಗದ ಎಲ್ಲರಿಗೂ ಕಳಿಸಿದ. ಕಳಿಸಿ, ಉಗುರು ಕಚ್ಚುತ್ತ ಪರದೆ ನೋಡುತ್ತ ಕೂತ. ಯಾರಾದರೂ ಗಾಳ ಕಚ್ಚಿದರೆ ಅಲ್ಲಿ ಹೆಸರಿನ ಪಕ್ಕ ಕೆಂಪು ಚುಕ್ಕೆ ಮೂಡುತ್ತದೆ. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಮೊದಲ ಚುಕ್ಕೆ ಮೂಡಿತು.

ಹೆಂಡತಿಯ ಹೆಸರು.

"ಬಿತ್ತು!" ಎಂದು ಕುರ್ಚಿಯಿಂದ ಎದ್ದೇಬಿಟ್ಟ. ಪಕ್ಕದವರು ತಿರುಗಿ ನೋಡಿದರು. ಕೆಲಸ ಉಳಿಯಿತು, ಮಾನ ಉಳಿಯಿತು, ಪ್ರಿಂಟರ್ ಕೋಣೆಯ ಮಸಿ ತಪ್ಪಿತು. ಮೇಡಂ ಕೋಣೆಯತ್ತ ಹೆಜ್ಜೆ ಇಡಬೇಕು, ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ನಗುತ್ತಲೇ ಎತ್ತಿದ.

"ರೀ, ನಾನು," ಎಂದಳು ಹೆಂಡತಿ. ಓಡಿ ಬಂದವಳಂತೆ ಏದುಸಿರು. "ಬೈಬೇಡಿ, ಈಗ ತಾನೇ ನೋಡಿದ್ದು. ಇದು ಗಾಳ ಅಲ್ಲ, ನಿಜವಾಗ್ಲೂ ನೀವೇ ಬರ್ದಿರೋದು ಅಂತ ಓದಿದ ಕೂಡ್ಲೇ ಗೊತ್ತಾಯ್ತು. ತಕ್ಷಣ ಪಾಸ್‌ವರ್ಡ್ ಹಾಕ್ದೆ. ಏನೂ ಬರ್ತಿಲ್ಲ. ನಂದೇ ಏನೋ ತಪ್ಪಾಗಿರ್ಬೇಕು. ಇನ್ನೊಂದ್ಸಲ ಹಾಕ್ಲಾ?"

ಅವನು ಪರದೆಯ ಮೇಲಿನ ಕೆಂಪು ಚುಕ್ಕೆಯತ್ತ ನೋಡಿದ.

"ಹಲೋ? ಇದೀರಾ?" ಆಚೆಯಿಂದ ದನಿ ಇನ್ನಷ್ಟು ಸಣ್ಣದಾಯಿತು. "ಕೋಪ ಬಂತಾ?"