ಕೇಬಲ್ಲಿನಲ್ಲಿ ನಾನು ತೀರಿಕೊಂಡ ದಿನ

ಇತ್ತೀಚೆಗೆ ನಾನು ಟಿವಿ ನೋಡುವುದಕ್ಕಿಂತ, ಟಿವಿಯಲ್ಲಿ ಏನು ನೋಡಬೇಕೆಂದು ನೋಡುವುದೇ ಹೆಚ್ಚಾಗಿದೆ. ಪರದೆಯ ತುಂಬ ಚೌಕ ಚೌಕ ಚಿತ್ರಗಳು. ಒಂದರ ಮೇಲೆ ನಿಂತರೆ ಅದು ತಾನಾಗಿಯೇ ಕುಣಿಯತೊಡಗುತ್ತದೆ. ಮುಂದಕ್ಕೆ ಸರಿದರೆ ಇನ್ನೊಂದು ಅರಚುತ್ತದೆ. ನಾನು ಗಜೇಂದ್ರಗಡದ ಪೇಟೆಯಲ್ಲಿ ಸೀರೆ ಮಾರುವವನು. ಇಡೀ ಕಪಾಟು ಕೆಳಗಿಳಿಸಿದ ಮೇಲೂ ‘ಬ್ಯಾರೇ ತೋರಸ್ರಿ’ ಅನ್ನುವ ಗಿರಾಕಿಗಳನ್ನು ಒಳಗೊಳಗೇ ಬೈದುಕೊಂಡವನು. ಈಗ ರಿಮೋಟ್ ಹಿಡಿದು ಕೂತರೆ ನಾನೇ ಆ ಗಿರಾಕಿ.

ಇದೆಲ್ಲ ಮಗಳು ಸುಮಾಳ ಕೆಲಸ. ಅವಳು ನರಗುಂದದಲ್ಲಿ ಬ್ಯಾಂಕಿನಲ್ಲಿದ್ದಾಳೆ. ಒಮ್ಮೆ ರಜೆಗೆ ಬಂದವಳು, “ಅಪ್ಪಾ, ಎಲ್ಲಾ ಇಂಟರ್ನೆಟ್ಟಿನ್ಯಾಗ ಬರ್ತೈತಿ. ಕೇಬಲ್ ಯಾಕ ಬೇಕ?” ಎಂದಳು. ಇದಕ್ಕೆ ಸ್ಟ್ರೀಮಿಂಗ್ ಅನ್ನುತ್ತಾರಂತೆ, ಅಂದರೆ ಹರಿಯುವುದು. ನಮ್ಮ ‘ಧಾರಾವಾಹಿ’ಯಲ್ಲಿಯೂ ಹರಿಯುವ ಅರ್ಥವೇ ಇದೆಯಲ್ಲ, ಹಾಗಾದರೆ ಹೊಸದೇನು ಎಂದು ನಾನು ವಿಚಾರ ಮಾಡುವಷ್ಟರಲ್ಲಿ ಅವಳು ವೈರು ಬಿಚ್ಚಿಸಿದ್ದಳು. ಬಿಚ್ಚಲು ಬಂದ ಕೇಬಲ್ಲಿನ ಮಂಜುನಾಥ ಜಗಳವಾಡಲಿಲ್ಲ. ವೈರು ಸುತ್ತಿಕೊಳ್ಳುತ್ತ, “ಸೀರಿಯಲ್ಲು ಅಲ್ಲೇ ಸಿಗತಾವ ಸಾವಕಾರ್ರ. ಊರ ಸುದ್ದಿ ಎಲ್ಲಿ ಸಿಗತೈತಿ?” ಎಂದ. ಅವನದೊಂದು ಊರಮಟ್ಟದ ಚಾನೆಲ್ಲಿತ್ತು. ಯಾರ ಎಮ್ಮೆ ಕಳೆದಿದೆ, ಯಾವ ಓಣಿಗೆ ಇಂದು ನೀರು, ಯಾರು ತೀರಿಕೊಂಡರು ಎಂದು ಪರದೆಯ ಕೆಳಗೆ ಅಕ್ಷರಗಳು ಓಡುತ್ತಿದ್ದವು. ಪೇಟೆಯಲ್ಲಿ ಕೂತವನಿಗೆ ಊರ ಸುದ್ದಿ ತಾನಾಗಿಯೇ ನಡೆದು ಬರುತ್ತದೆ ಎಂದು ನಾನು ನಕ್ಕೆ.

ನಡೆದು ಬಂದದ್ದು ಖರೇ. ಅಂಗಡಿಗೆ ರಜೆಯಿದ್ದ ಒಂದು ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಕೂತು ಸಿನಿಮಾ ಹುಡುಕುತ್ತಿದ್ದೆ. ಹಿಂದಿನ ಓಣಿಯ ಬಸವ್ವ ಸೆರಗು ಬಾಯಿಗೊತ್ತಿಕೊಂಡು ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ನುಗ್ಗಿ, ನನ್ನ ಹೆಂಡತಿ ಶಾಂತಾಳನ್ನು ತಬ್ಬಿಕೊಂಡು ಅಳತೊಡಗಿದಳು. “ಹ್ಯಾಂಗಾತ ಯವ್ವಾ, ನಿನ್ನೆ ಚಲೋ ಇದ್ರಲ್ಲ!” ಬಸವ್ವನ ಮನೆಯಲ್ಲಿಯೇ ಯಾರೋ ಹೋಗಿರಬೇಕೆಂದು ತಿಳಿದ ಶಾಂತಾ ತಾನೂ ಅಳತೊಡಗಿದಳು. ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನಪಡಿಸುತ್ತಿದ್ದರು. ಏನೂ ತಿಳಿಯದ ನಾನು ತಂಬಿಗೆಯಲ್ಲಿ ನೀರು ಹಿಡಿದು ಹೋದೆ. ಬಸವ್ವ ತಲೆಯೆತ್ತಿ ನನ್ನನ್ನು ನೋಡಿದವಳೇ ಚೀರಿ, ಗೋಡೆ ಹಿಡಿದು ಕೂತುಬಿಟ್ಟಳು.

ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ಜಕ್ಕಲಿಯ ಕಲ್ಲಪ್ಪ, ನಮ್ಮ ಹಳೆಯ ಗಿರಾಕಿ. ಬಾಗಿಲಲ್ಲಿ ನನ್ನನ್ನು ಕಂಡವನೇ ಕೈಯಲ್ಲಿದ್ದ ದೊಡ್ಡ ಹೂವಿನ ಹಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

“ಮಾಲಿ ಯಾರಿಗೆ ಕಲ್ಲಪ್ಪಾ?”

“ಹಿಂಗ... ಸುಮ್ನ ತಂದೀನ್ರಿ.”

ನಿಧಾನವಾಗಿ ವಿಷಯ ಹೊರಬಿತ್ತು. ‘ಶ್ರೀ ಈರಪ್ಪ ಅಂಗಡಿಯವರು ಲಿಂಗೈಕ್ಯರಾದರು, ಮಧ್ಯಾಹ್ನ ಅಂತ್ಯಕ್ರಿಯೆ’ ಎಂದು ಮಂಜುನಾಥನ ಚಾನೆಲ್ಲಿನಲ್ಲಿ ಬೆಳಗಿನಿಂದ ಓಡುತ್ತಿತ್ತಂತೆ. ನನ್ನ ಹೆಸರು ಈರಪ್ಪ ಅಂಗಡಿ. ಇಡೀ ಊರಿಗೆ ಗೊತ್ತಾದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ.

ಮಂದಿ ಬರುತ್ತಲೇ ಇದ್ದರು. ಅಬ್ಬಿಗೇರಿಯಿಂದಲೂ ಬಂದರು. ಬಂದವರು ಬೆಚ್ಚುವುದು, ನಗುವುದು, ಕೂರುವುದು. ನಾನೇ ಓಡಾಡಿ ಚಹಾ ಕೊಟ್ಟೆ. “ಭಾಳ ಚಲೋ ಮನಷ್ಯಾ ಇದ್ರು ಅಂತ ಈಗರ ಅನ್ಕೋತ ಬಂದ್ವಿ” ಎಂದರು. ಬದುಕಿರುವಾಗ ಇಂಥ ಮಾತು ಯಾರ ಕಿವಿಗೆ ಬೀಳುತ್ತದೆ ಹೇಳಿ? ಸುಳ್ಳೇಕೆ, ನನಗೆ ಹಿತವಾಗಿತ್ತು.

ಎರಡನೆಯ ಸಲ ಚಹಾ ತಂದ ಶಾಂತಾ ನಡುಬಾಗಿಲಲ್ಲಿ ನಿಂತಳು. “ಅಲ್ರಿ, ನೀವು ಇಲ್ಲೇ ಅದೀರಿ. ಹಂಗಾರ ಹೋದವ್ರ ಯಾರು?”

ಆಗ ನನಗೆ ಹೊಳೆಯಿತು.

ಸೂಡಿ ರಸ್ತೆಯ ಈರಪ್ಪ. ಅವನ ಅಡ್ಡಹೆಸರೂ ಅಂಗಡಿ. ಅಂಗಡಿಯಿಲ್ಲದ ಅಂಗಡಿ ಎಂದು ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವವನು, ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ನನ್ನ ಟಪಾಲು ಅವನ ಮನೆಗೆ ಹೋಗುತ್ತಿತ್ತು, ಅವನದು ನನ್ನಲ್ಲಿಗೆ. ಒಮ್ಮೆ ನನಗೆ ಬಂದ ಲಗ್ನಪತ್ರಿಕೆಯನ್ನು ತಡವಾಗಿ ತಂದುಕೊಟ್ಟು, “ತಪ್ಪ ತಿಳೀಬ್ಯಾಡ್ರಿ, ಉಣ್ಣಾಕೂ ನಾನ ಹೋಗಿ ಬಂದ್ನಿ” ಎಂದಿದ್ದ. ಈ ಮುಂಜಾನೆಯಿಡೀ ನಾನು ಇಲ್ಲಿ ನಗುತ್ತ ಕೂತಿದ್ದೆ. ಅವನು ಅಲ್ಲಿ ಮಲಗಿದ್ದ.

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ನನ್ನ ಸಾವಿಗೆ ಬಂದವರೆಲ್ಲ ನನ್ನ ಹಿಂದೆ ಬಂದರು. ಅವನ ಮನೆಯ ಮುಂದೆ ಸಾಲಾಗಿ ಹಾಕಿದ್ದ ಕುರ್ಚಿಗಳು ಹೆಚ್ಚೂಕಡಿಮೆ ಖಾಲಿಯೇ ಇದ್ದವು. ಕಲ್ಲಪ್ಪ ಹಾರವನ್ನು ನನ್ನ ಕೈಗಿತ್ತ. ನಾನು ಈರಪ್ಪನಿಗೆ ಹಾಕಿದೆ.

ಅವನ ಹೆಂಡತಿ ನೀಲವ್ವ ತುಂಬಿದ ಅಂಗಳ ನೋಡಿ ಕಣ್ಣೊರೆಸಿಕೊಂಡಳು. “ಮಂದಿ ಯಾಕ ಬರವಲ್ರು ಅಂತ ಕುಂತಿದ್ದೆರಿ.”

ಎಲ್ಲರೂ ನನ್ನ ಮನೆಯಲ್ಲಿ ಚಹಾ ಕುಡಿಯುತ್ತಿದ್ದರೆಂದು ಹೇಗೆ ಹೇಳಲಿ? “ವಿಳಾಸ ತಪ್ಪಿತ್ತವ್ವಾ” ಎಂದೆ.

ಅವಳು ನನ್ನನ್ನು ಗುರುತಿಸಿದಳು. “ಯಾವಾಗ್ಲೂ ತಪ್ಪತಿತ್ತಲ್ರಿ. ನಿಮ್ಮ ಟಪಾಲ ಕೊಟ್ಟು ಬರ್ತೀನಿ ಅಂತ ಹ್ವಾದ್ರ, ಸಂಜಿಮಟಾ ಮನೀಗೆ ಬರ್ತಿದ್ದಿಲ್ಲ ಅವ್ರು.” ಅಳುವಿನ ನಡುವೆಯೇ ಅವಳ ಮುಖದಲ್ಲಿ ಸಣ್ಣ ನಗು ಸುಳಿದು ಹೋಯಿತು.

ಮರುವಾರ ಮಂಜುನಾಥ ಬಂದು ವೈರು ಜೋಡಿಸಿದ. ಸುಮಾ ಹಾಕಿಸಿದ ಇಂಟರ್ನೆಟ್ಟನ್ನೂ ತೆಗೆಸಲಿಲ್ಲ. ಈ ಎರಡರ ಪೈಪೋಟಿಯಲ್ಲಿ ಯಾವುದು ಗೆಲ್ಲುತ್ತದೋ ನನಗೆ ಇನ್ನೂ ಬಗೆಹರಿದಿಲ್ಲ. ಒಂದರಲ್ಲಿ ಜಗತ್ತೆಲ್ಲ ಇದೆ, ನಮ್ಮ ಓಣಿಯಿಲ್ಲ. ಇನ್ನೊಂದರಲ್ಲಿ ಓಣಿಯಿದೆ, ಆದರೆ ಯಾವ ಈರಪ್ಪನೆಂದು ಅದು ಹೇಳುವುದಿಲ್ಲ. ಶಾಂತಾಳಿಗೆ ಮಾತ್ರ ಯಾವ ಗೊಂದಲವೂ ಇಲ್ಲ. ದಿನಾ ಬೆಳಿಗ್ಗೆ ಕೇಬಲ್ ಹಚ್ಚಿ, ಓಡುವ ಅಕ್ಷರಗಳನ್ನು ಕೊನೆಯವರೆಗೆ ಓದಿ, ಆಮೇಲೆ ನನ್ನ ಕೈಗೆ ಊಟದ ಡಬ್ಬಿ ಕೊಡುತ್ತಾಳೆ.

“ಇವತ್ತ ನಿಮ್ಮ ಹೆಸರ ಬಂದಿಲ್ರಿ. ಲಗೂ ಅಂಗಡಿಗೆ ನಡೀರಿ.”